ಪಕ್ಷಾಂತರ

ಹನ್ನೊಂದು ನಿಮಿಷ ಬಿಡುವು.
ಹೆಲೆನೂವೆಕಿನ ಕೊನೆಯ ಸುತ್ತಿನಲ್ಲಿ ಟ್ರಾಮು ನಿಲ್ಲಿಸಿ
ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು
ಪಾಳಿಚೀಟಿಯ ಬೆನ್ನಿಗೆ ಬರೆಯುತ್ತೇನೆ:
ವಿ ವರ್ಗ ಸಮ ಎರಡು ಎ ಎಸ್.
ವೂಚ್ ಅಂದರೆ ದೋಣಿ. ಈ ಊರಲ್ಲಿ
ಕಣ್ಣಿಗೆ ಬೀಳುವ ನದಿಯಿಲ್ಲ, ಹಳಿಗಳಿವೆ.
ಹತ್ತೊಂಬತ್ತು ವರ್ಷ ಅವುಗಳ ಮೇಲೆ ಟ್ರಾಮು ನಿಲ್ಲಿಸಿದ ಕಾಲಿಗೆ
ನಲವತ್ತೇಳರಲ್ಲಿ, ರಾತ್ರಿಶಾಲೆಯ ಬೆಂಚಿನಲ್ಲಿ,
ಕಾಗದದ ಮೇಲೆ ನಿಲ್ಲಿಸಲು ಬರಲಿಲ್ಲ.

ಮೂರನೇ ಮಹಡಿಯ ಟಿಮೊನ್ ನನ್ನ ಗುರು.
ಹದಿನಾರು ವಯಸ್ಸು, ಹಲ್ಲಿಗೆ ತಂತಿ,
ಅರ್ಧ ಗಂಟೆಗೆ ಒಂದು ತುಂಡು ಗಸಗಸೆ ಸುರುಳಿ ಸಂಬಳ.
ಉತ್ತರ ಹೇಳೋ ಪುಣ್ಯಾತ್ಮ ಅಂದರೆ ಹೇಳುವುದಿಲ್ಲ.
"ಏನು ಕೊಟ್ಟಿದ್ದಾರೆ? ಏನು ಕೇಳಿದ್ದಾರೆ?"
ಪೊಲೀಸರ ಹಾಗೆ ಅವೇ ಎರಡು ಪ್ರಶ್ನೆ.

ಕೊಟ್ಟಿದ್ದು: ಗಂಟೆಗೆ ಮೂವತ್ತಾರು ಕಿಲೋಮೀಟರು,
ನಲವತ್ತು ಮೀಟರಿನೊಳಗೆ ನಿಂತ ಟ್ರಾಮು.
ಕೇಳಿದ್ದು: ಎ.
"ಹಾಗಾದರೆ ಎ ಒಂಟಿಯಾಗಬೇಕು, ಬೊಗುಮಿವಾ ಮೇಡಂ.
ಅದಕ್ಕೆ ಅಂಟಿಕೊಂಡಿರುವುದನ್ನೆಲ್ಲ ಒಂದೊಂದಾಗಿ ಬಿಡಿಸಿ."
ಒಂಟಿಯಾಗುವುದು ನನಗೆ ಗೊತ್ತು ಕಣೋ,
ಅದಕ್ಕೆ ಸೂತ್ರ ಬೇಕಾಗಲಿಲ್ಲ,
ಅವನಿಗೊಂದು ಸೂಟ್‌ಕೇಸು, ಒಂದು ಟ್ಯಾಕ್ಸಿ ಸಾಕಾಯಿತು
ಎಂದುಕೊಂಡೆ. ಅನ್ನಲಿಲ್ಲ.

ಎರಡನ್ನು ಮೊದಲು ಆಚೆ ದಬ್ಬಿದೆ. ಬಾಗಿಲಲ್ಲೇ ಹಟ ಹಿಡಿಯಿತು.
ಕಳೆಯಬೇಕೋ, ಭಾಗಿಸಬೇಕೋ?
ಪಕ್ಷಾಂತರ ಮಾಡುವವರು ವೇಷ ಬದಲಿಸಲೇಬೇಕು;
ಇಲ್ಲಿ ಕೂಡಿಕೊಂಡಿದ್ದವರು ಅಲ್ಲಿ ಕಳೆಯುತ್ತಾರೆ,
ಇಲ್ಲಿ ಗುಣಿಸುತ್ತಿದ್ದವರು ಅಲ್ಲಿ ಹೋಗಿ ಭಾಗ ಕೇಳುತ್ತಾರೆ.
ಎಂಬತ್ತೊಂಬತ್ತರಲ್ಲೇ ಇದನ್ನು ಕಂಡವಳು ನಾನು:
ಅಪ್ಪನ ಗಿರಣಿಯ ಫೋರ್‌ಮನ್
ಒಂದೇ ವಾರದಲ್ಲಿ ಕೋಟಿನ ಬಿಲ್ಲೆ ಬದಲಿಸಿ
ಅದೇ ಕುರ್ಚಿಗೆ ವಾಪಸು ಬಂದಿದ್ದ.

ಹುಡುಗ ನಗಲಿಲ್ಲ. "ಯಾರೂ ಎಲ್ಲಿಗೂ ಹೋಗುವುದಿಲ್ಲ.
ಈ ಕಡೆ ಮಾಡಿದ್ದನ್ನೇ ಆ ಕಡೆಯೂ ಮಾಡುತ್ತೀರಿ, ಅಷ್ಟೆ."
ಓ. ಅದು ಪಕ್ಷಾಂತರವಲ್ಲ, ನ್ಯಾಯ.
ಆ ಮಾತಿಗೆ ಇನ್ನೊಂದು ತುಂಡು ಸುರುಳಿ ಕೊಟ್ಟೆ,
ಎರಡೂ ಕಡೆ ಒಂದೇ ಅಂದಮೇಲೆ ನನಗೂ ಒಂದು.

ಮೂವತ್ತಾರರ ವರ್ಗ ಸಾವಿರದ ಇನ್ನೂರ ತೊಂಬತ್ತಾರು,
ಎಂಬತ್ತರಿಂದ ಭಾಗಿಸಿದರೆ ಹದಿನಾರು ಚಿಲ್ಲರೆ.
ಕೆಳಗೆ ಎರಡು ಗೆರೆ ಎಳೆದು ಪೆನ್ನು ಇಟ್ಟೆ.
ಅವನು ಚಹಾದ ಲೋಟ ನೋಡುತ್ತಾ ಅಂದ:
"ಮಾಳಿಗೆಯಿಂದ ಬಿಟ್ಟ ಕಲ್ಲಿಗೇ ಹತ್ತು."

ಆಗ ಮೇಜಿನಡಿ ನನ್ನ ಬಲಗಾಲು ತಾನಾಗಿ ಹಿಂದೆ ಸರಿಯಿತು.
ಇಲ್ಲ. ಅಷ್ಟು ಜೋರಾಗಿ ನಿಲ್ಲಿಸಿದ್ದರೆ
ಬುಧವಾರದ ಸಂತೆಯಿಂದ ಮೂವತ್ತು ಮೊಟ್ಟೆ ಹಿಡಿದು
ಮೂರನೇ ಕಂಬಕ್ಕೆ ಒರಗುವ ಮುದುಕಿ
ಮೊಟ್ಟೆ ಸಮೇತ ನನ್ನ ಮುಂಗಾಜಿಗೆ ಅಂಟಿಕೊಂಡಿರುತ್ತಿದ್ದಳು.
ಟ್ರಾಮು ಹಾಗೆ ನಿಲ್ಲುವುದಿಲ್ಲ.
"ಗಂಟೆ!" ನಾನೇ ಕೂಗಿದೆ, "ಕಿಲೋಮೀಟರು! ಇವು ಇಲ್ಲಿಗೆ ಸೇರಿದವಲ್ಲ!"
ಮೂವತ್ತಾರು ಇಳಿದು ಹತ್ತಾಯಿತು,
ಹತ್ತರ ವರ್ಗ ನೂರು, ಕೆಳಗೆ ಎಂಬತ್ತು,
ಒಂದೂಕಾಲು.
ಹೌದು, ಇದು ನನ್ನದೇ ಕಾಲು.

ಆಮೇಲೆ ನಾನು ಕೇಳಿದೆ:
ನವೆಂಬರಿನಲ್ಲಿ ಹಳಿ ಮೇಲೆ ಒದ್ದೆ ಎಲೆ ಬೀಳುತ್ತದಲ್ಲ,
ಗಾಲಿ ಸೋಪು ತುಳಿದ ಹಾಗೆ ಜಾರುತ್ತದಲ್ಲ,
ಮರಳಿನ ಗುಂಡಿ ಒತ್ತಿ ಉಸಿರು ಹಿಡಿಯುತ್ತೇನಲ್ಲ,
ಅದಕ್ಕೆ ಯಾವ ಅಕ್ಷರ?
"ಈ ಅಧ್ಯಾಯದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂದಿದ್ದಾರೆ."
ತುಸು ಹೊತ್ತು ಬಿಟ್ಟು ತನ್ನ ನೋಟ್‌ಬುಕ್ಕನ್ನೇ ತೆರೆದ.
"ಎಷ್ಟು ಮೀಟರು ಜಾಸ್ತಿ ಹೋಗುತ್ತದೆ, ಹೇಳಿ."
ಹೇಳುತ್ತಾ ಹೋದೆ, ಬೀದಿ ಬೀದಿಯದೂ.
ಬರೆಯುತ್ತಾ ಹೋದ,
ತಂತಿಗೆ ಸಿಕ್ಕ ಗಸಗಸೆಯನ್ನು ನಾಲಿಗೆಯಲ್ಲಿ ತಡಕುತ್ತಾ.

ಇಂದಿನ ಲೆಕ್ಕದಲ್ಲಿ ಎಸ್ ಒಂಟಿಯಾಗಬೇಕು.
ಅರ್ಧ ಬಿಡಿಸಿದ್ದೇನೆ. ಹನ್ನೊಂದು ನಿಮಿಷ ಮುಗಿಯಿತು.
ಚೀಟಿ ಮಡಚಿ ಜೇಬಿಗೆ.
ಬುಧವಾರ. ಮುದುಕಿ ಹತ್ತಿದಳು, ಕಂಬಕ್ಕೆ ಒರಗಿದಳು.
ಗಟ್ಟಿಯಾಗಿ ಹಿಡಿದುಕೊಳ್ಳಿ ಅಜ್ಜಿ,
ಎಲೆ ಬಿದ್ದಿದೆ.