ನಾನೂರ ಹದಿನೇಳು

ರೋಣದ ಬಸ್ಸಿನಲ್ಲಿ ಕಂಡಕ್ಟರ್ ತಡೆದ:
‘ಏನೈತ್ರೀ ಅಕ್ಕಾರ ಡಬ್ಬ್ಯಾಗ? ಲಗೇಜ್ ಆಗತೈತಿ.’
‘ಕೂಸುಗಳ ವಾಂತಿಭೇದಿ ನಿಲ್ಲಿಸೋ ಹನಿ’ ಅಂದರು ನೀಲಗಂಗಾ ಮೇಡಂ.
ನಕ್ಕು, ಅರ್ಧ ತಿಕೀಟು ಹರಿದ.

ಡಬ್ಬಿ ಹೊತ್ತವನು ನಾನು.
ಬಿಸಿಲೇರುವ ಮೊದಲು ನರೇಗಲ್,
ಐಸು ಕರಗುವ ಮೊದಲು ಅಬ್ಬಿಗೇರಿ.
ಒಂದು ಸೀಸೆಯಲ್ಲಿ ಲಸಿಕೆ,
ಇನ್ನೊಂದರಲ್ಲಿ ಬರೀ ಸಕ್ಕರೆ ನೀರು.
ಯಾವುದು ಯಾವುದೆಂದು ನನಗೂ ಗೊತ್ತಿಲ್ಲ, ಅವರಿಗೂ.
ಗೊತ್ತಾಗಬಾರದು; ಪರೀಕ್ಷೆಯ ನೇಮವೇ ಅದು.

ಎರಡು ವರ್ಷದ ಮೇಲೆ ಲಕೋಟೆ ಒಡೆದರು.
ಲಸಿಕೆ ಗೆದ್ದಿತ್ತು. ಆಫೀಸಿಗೆಲ್ಲ ಗಿರಮಿಟ್ಟು, ಮಿರ್ಚಿ.
ಪಟ್ಟಿಯಲ್ಲಿ ಇಳಿಯುತ್ತಿದ್ದ ಮೇಡಂ ಬೆರಳು
ನಾನೂರ ಹದಿನೇಳಕ್ಕೆ ನಿಂತಿತು.
ಫಕೀರವ್ವನ ಮಗಳು, ಎಂಟು ತಿಂಗಳಿಗೇ ಹೋದದ್ದು.
ಸಕ್ಕರೆ ನೀರು.

ಆಮೇಲೆ ದೊಡ್ಡ ಊರುಗಳು, ಶಾಲು, ಹಾರ.
ಆ ಹನಿ ಈಗ ಅಬ್ಬಿಗೇರಿಯಲ್ಲೂ ಪುಕ್ಕಟೆ.

ನಿವೃತ್ತಿಯ ಮರುದಿನ
ಅದೇ ಬಸ್ಸು ಹತ್ತಿದೆವು, ಡಬ್ಬಿಯಿಲ್ಲದೆ.
ಶೇಂಗಾ ಸುಲಿಯುತ್ತಿದ್ದ ಫಕೀರವ್ವ
ತಲೆ ಎತ್ತದೆ ಕೇಳಿದಳು,
ಇಪ್ಪತ್ತು ವರ್ಷ ನುಂಗಿಕೊಂಡದ್ದನ್ನು:
‘ನಮ್ಮ ಕೂಸಿಗೆ ಯಾವ ಸೀಸಾ ಬಂದಿತ್ರೀ?’

ಮೇಡಂ ಹೇಳಿದರು.

ಬಹಳ ಹೊತ್ತಿನ ಮೇಲೆ
ಮೊರವನ್ನು ಅವರ ಕಡೆಗೆ ಒಂದಿಷ್ಟು ಸರಿಸಿದಳು.
ಇಬ್ಬರೂ ಸುಲಿಯುತ್ತ ಕೂತರು.
ಕೊನೆಯ ಬಸ್ಸು ಹಾರನ್ ಹೊಡೆದು ಹೋಯಿತು.