ಎರಡನೆಯ ಪ್ರತಿ

ಮೊದಲು ಫ್ರಿಜ್ಜಿನ ಗೊಣಗಾಟ ತೆಗೆದೆ.
ಬೀದಿಯಾಚೆಯ ರಮ್ ಅಂಗಡಿಯದು,
ಅರವತ್ತು ಹರ್ಟ್ಸಿನಲ್ಲಿ ರಾತ್ರಿಯಿಡೀ
ಅದೇ ಮಾತು ಅದೇ ಮಾತು ಆಡುವ ಮುದುಕ.
ತೆರೆಯ ಮೇಲಿನ ಗೆರೆಗೆ ಒಂದು ಚುಕ್ಕೆ ಇಟ್ಟು,
ಸೂಜಿಯಷ್ಟು ಸಪೂರ ಮಾಡಿ, ಕೆಳಗೆಳೆದೆ.
ಸುಮ್ಮನಾದ.

ಆಮೇಲೆ ಮುನ್ನೂರರ ಸುತ್ತ ಕೂತ ಕೆಸರು:
ಒಂಬತ್ತು ಬಾಸ್ ಪ್ಯಾನು, ತಗಡಿನ ಮಾಡು,
ಲಾವೆಂಟಿಲ್ ಗುಡ್ಡ ಹತ್ತಿಬಂದ ಬಿಸಿಗಾಳಿ.
ಇಲ್ಲಿ ಅವಸರ ಸಲ್ಲದು. ಅಗಲಕ್ಕೆ, ಎರಡೂವರೆ ಡೆಸಿಬೆಲ್,
ಸೊರೆಲ್ ಶರಬತ್ತಿನ ಮಡ್ಡಿ ಕದಡದೆ
ತಿಳಿಯನ್ನಷ್ಟೇ ಬಸಿದುಕೊಂಡ ಹಾಗೆ.

ಉಳಿದದ್ದು ಟೆನರ್ ಪ್ಯಾನು.
ಎಲ್ಲೋ ಹಲ್ಲು ಜುಮ್ಮೆನ್ನಿಸುತ್ತಿತ್ತು.
ಬೇಡದ್ದನ್ನು ಕಳೆಯಬೇಕಾದರೆ
ಮೊದಲು ಅದನ್ನೇ ಅರಚಿಸಬೇಕು. ಚುಕ್ಕೆಯನ್ನೆತ್ತಿ
ಆಚೀಚೆ ಜಾರಿಸುತ್ತ ಹೋದೆ.
ಮೂರು ಸಾವಿರಕ್ಕೆ ಇನ್ನೇನು ನಲವತ್ತು ಕಡಿಮೆ,
ಅಲ್ಲಿ ಸಿಕ್ಕಿಬಿದ್ದ ಕಳ್ಳ.
ಮೈಕಿನ ತಪ್ಪು ಎಂದುಕೊಂಡೆ. ಕತ್ತರಿಸಿದೆ.
ಹಾಡು ಬೆಣ್ಣೆಯಾಯಿತು.

ಎಲ್ರಿಕ್ ಬಂದು ಬಿಯರ್ ಕ್ರೇಟಿನ ಮೇಲೆ ಕೂತ.
ಈ ಪ್ಯಾನುಗಳನ್ನೆಲ್ಲ ಹದ ಮಾಡಿದವನು.
ಎಣ್ಣೆ ಪೀಪಾಯಿಯ ತಳವನ್ನು
ಬಟ್ಟಲಾಗುವ ತನಕ ಬಡಿದು ತಗ್ಗಿಸಿ,
ಬೆಂಕಿಗೆ ಒಡ್ಡಿ, ಮತ್ತೆ ಬಡಿದು,
ತಗ್ಗಿನಲ್ಲಿ ಒಂದೊಂದೇ ಸ್ವರದ ದಿಬ್ಬ ಎಬ್ಬಿಸಿದವನು.
ಒಂದನ್ನು ಎಬ್ಬಿಸಿದರೆ ಪಕ್ಕದ್ದು ಮುನಿಯುತ್ತದೆ,
ಅದನ್ನು ರಮಿಸಲು ಹೋದರೆ ಇದು.
ಐವತ್ತೊಂದು ವರ್ಷ. ಅದೇ ಸುತ್ತಿಗೆ, ಹಿಡಿ ಮಾತ್ರ ನಾಲ್ಕನೆಯದು.

‘ಕಂಬಳಿ ಹೊದಿಸಿದ್ದೀಯಲ್ಲ ಮಗಳೇ, ಮೇಲಿನದು ಎಲ್ಲಿ?’
ಐದು ಸಾವಿರ ಎತ್ತಿದೆ. ‘ಇನ್ನೂ.’
ಎತ್ತಿದೆ. ‘ಇನ್ನೂ.’
ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಹೊರಟುಹೋಯಿತು.
ನನ್ನ ಕಣ್ಣಲ್ಲಿ ನೀರು.
‘ಇನ್ನೂ.’

ಆಗ, ತಮಾಷೆಗೆಂಬಂತೆ, ಒಂಟಿ ಸ್ವರ ಹಚ್ಚಿದೆ:
ಕೇಳಿದಾಗ ಕೈ ಎತ್ತು.
ಸಾವಿರ. ಎತ್ತಿದ.
ಎರಡು ಸಾವಿರ. ಎತ್ತಿದ.
ಮೂರಕ್ಕೆ ಕೈ ನಿಧಾನವಾಗಿ, ಅನುಮಾನದಿಂದ ಬಂತು.
ನಾಲ್ಕು ಸಾವಿರ ಕೋಣೆ ತುಂಬ ಕೊರೆಯುತ್ತಿತ್ತು.
ಎಲ್ರಿಕ್ ತೊಡೆಯ ಮೇಲೆ ಕೈಯಿಟ್ಟುಕೊಂಡು
ನಾನು ಯಾವಾಗ ಶುರು ಮಾಡುತ್ತೇನೋ ಎಂದು
ಮರ್ಯಾದೆಯಿಂದ ಕಾಯುತ್ತಿದ್ದ.

ಆಯಿತು, ಅಂದೆ. ನಾಳೆ ಬಾ.

ರಾತ್ರಿ ಹೊಸದೊಂದು ಗೆರೆ ಎಳೆದೆ.
ಸುತ್ತಿಗೆ ಅವನೊಳಗೆ ಎಲ್ಲೆಲ್ಲಿ ತಗ್ಗು ಮಾಡಿತ್ತೋ
ಅಲ್ಲಲ್ಲಿ ಅಷ್ಟಷ್ಟೇ ದಿಬ್ಬ.
ನನಗೆ ಕೇಳಲಾಗದ ಹಾಡು; ಗಾಜು ಅಗಿದ ಹಾಗೆ.
ಕಾರ್ನಿವಲ್ಲಿಗೆ ಒಂದು ಪ್ರತಿ, ಬೆಣ್ಣೆಯದು.
ಇನ್ನೊಂದಕ್ಕೆ ಅವನ ಹೆಸರಿಟ್ಟೆ.

ಹೆಡ್‌ಫೋನು ಹಾಕಿಕೊಂಡ.
ನಗಲಿಲ್ಲ, ಅಳಲಿಲ್ಲ.
ಹೆಬ್ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತ ಹಾಕುತ್ತ
ಒಮ್ಮೆಲೇ ನಿಂತಿತು.
‘ಒಳಸುತ್ತಿನ ಎಫ್ ಶಾರ್ಪು.
ಸ್ವರ ಸರಿಯಿದೆ. ಅದರ ತಲೆ ಮೇಲೆ ಕೂತಿರುತ್ತದಲ್ಲ, ಮರಿ,
ಅದು ಜಾರಿದೆ. ಯಾರೂ ಹೇಳಲಿಲ್ಲವೇ?’

ನೋಡಿದೆ. ಮೂರು ಸಾವಿರಕ್ಕೆ ಇನ್ನೇನು ನಲವತ್ತು ಕಡಿಮೆ.
ನಾನು ಕಳ್ಳನೆಂದು ಹಿಡಿದು ಹೊರಹಾಕಿದ್ದು
ದೂರು ಹೇಳಲು ಬಂದವನನ್ನು.

ಬೆಳಿಗ್ಗೆ ಪ್ಯಾನ್‌ಯಾರ್ಡಿನಿಂದ ಸುತ್ತಿಗೆ ಸದ್ದು.
ಗೆರೆಗಳನ್ನೆಲ್ಲ ಮಟ್ಟಸ ಮಾಡಿ,
ಸೊನ್ನೆಗೆ ತಂದು, ಮೆಟ್ಟಿಲಿಳಿದೆ,
ಕೈಯಲ್ಲಿ ಹತ್ತಿಯ ಪೊಟ್ಟಣ.
ಮುದುಕನಿಗೆ ಇನ್ನೇಕೆ ಹತ್ತಿ? ಹುಡುಗನಿಗೆ;
ಪ್ಯಾನು ಅಲ್ಲಾಡದಂತೆ ಎದೆಗೊತ್ತಿ ಹಿಡಿದಿದ್ದ ಜೆರೆಲ್‌ಗೆ,
ಹನ್ನೆರಡು ವರ್ಷ, ಸುತ್ತಿಗೆಯಿಂದ ಒಂದು ಗೇಣು ದೂರ.

ಕಿವಿಗೆ ಹತ್ತಿ ಇಟ್ಟುಕೊಂಡರೆ
ಕಲಿಯುವುದು ಹೇಗೆ, ಎಂದ.