ಒಗರು

ಎರಡು ಬಾಟಲಿ ತಂದವನು ಅಟೆಂಡರ್ ಚಮನ್‌ಸಾಬ್.
ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿಕೊಂಡು
ಪಿ.ಬಿ. ರಸ್ತೆಯುದ್ದಕ್ಕೂ ತಲೆ ತಗ್ಗಿಸಿ.
"ಬಿಲ್ಲು ಕಾಲೇಜಿನ ಹೆಸರಿಗೇ ಬರೆಸೇನಿ ಮೇಡಂ,
ಅಂಗಡಿಯವ ನಕ್ಕ."

ಒಂದು ಕೆಂಪು, ಒಂದು ಬಿಳಿ.
ಬಿಳಿ ಎನ್ನುವುದೂ ಸುಳ್ಳೇ,
ಹುಲ್ಲು ನೆನೆಸಿಟ್ಟ ನೀರಿನ ಬಣ್ಣ.
ಎರಡೂ ದ್ರಾಕ್ಷಿಯ ಮಕ್ಕಳು.
ಒಂದನ್ನು ಸಿಪ್ಪೆಯ ಜೊತೆ ವಾರಗಟ್ಟಲೆ ಮಲಗಿಸಿದರು,
ಇನ್ನೊಂದನ್ನು ಹಿಂಡಿದ ದಿನವೇ ಬೇರೆ ಮಾಡಿದರು
ಬಾಣಂತಿಯ ಮಗ್ಗುಲಿಂದ ಕೂಸನ್ನು ಎತ್ತಿಕೊಂಡ ಹಾಗೆ.

ಹಳದಿ ದ್ರಾವಣ ಹನಿಸಿದೆ. ಸೋಡಾ ಬೆರೆಸಿದೆ.
ಕಪಾಟಿನ ಕತ್ತಲೆಯಲ್ಲಿ ಎರಡು ತಾಸು.
ಅಷ್ಟರಲ್ಲಿ ಕರೆಂಟು ಎರಡು ಸಲ ಹೋಗಿ ಬಂತು,
ಚಮನ್‌ಸಾಬ್ ಮಂಡಕ್ಕಿ ಮಿರ್ಚಿ ತಂದ,
ಮೆಟ್ಟಿಲ ಮೇಲೆ ಕೂತು ತಿಂದೆವು.

ಬಾಗಿಲು ತೆಗೆದರೆ ನೀಲಿ.
ಕೆಂಪಿನದು, ಹತ್ತು ಪಟ್ಟು ನೀರು ಹಾಕಿದ ಮೇಲೂ, ಶಾಯಿ.
ಬಿಳಿಯದು, ಒಗೆದೊಗೆದು ಸವೆದ ಶಾಲೆಯ ಅಂಗಿ.
ಯಂತ್ರ ಲೆಕ್ಕ ಹೇಳಿತು: ಒಂದಕ್ಕೆ ಎಂಟು.

"ಅಂದ್ರೆ ಕೆಂಪು ಕುಡಿದ್ರೆ ಎದಿಗೆ ಒಳ್ಳೇದೇನ್ರೀ?"

ನಮ್ಮ ಕಾಕ ರುದ್ರಪ್ಪನೂ ಹೀಗೇ ಕೇಳುತ್ತಿದ್ದ,
ಕೇಳುವ ಮೊದಲೇ ಉತ್ತರ ಕುಡಿದು.
ಅವನದು ಕೆಂಪೂ ಅಲ್ಲ ಬಿಳಿಯೂ ಅಲ್ಲ, ಪಾಕೀಟಿನದು.
ಮಂಡಕ್ಕಿ ಭಟ್ಟಿಯ ಹೊಗೆ ಗಂಟಲಲ್ಲಿ ಕೂತಿದೆ,
ಇದು ಔಷಧಿ, ಎನ್ನುತ್ತಿದ್ದ.
ಮೊದಲು ಕಣ್ಣು ಹಳದಿಯಾಯಿತು,
ಆಮೇಲೆ ಹೊಟ್ಟೆ ಊದಿತು.
ಆ ಹಳದಿಯನ್ನು ಯಾವ ಸೋಡಾವೂ ನೀಲಿ ಮಾಡಲಿಲ್ಲ.

ಈ ಯಂತ್ರ ಲೋಟದೊಳಗಿನದನ್ನು ಅಳೆಯುತ್ತದೆ ಚಮನ್‌ಸಾಬ್,
ಲೋಟ ಹಿಡಿದ ಕೈಯನ್ನಲ್ಲ.
ಸಿಪ್ಪೆಯಿಂದ ಇಳಿದದ್ದು ಒಳ್ಳೆಯದೇ ಇರಬಹುದು;
ಅದರ ಜೊತೆ ಬಂದವನ ಜಾತಕ ಬೇರೆ.

ಅವನು ಬಿರಡೆ ಮೂಸಿ ನೋಡಿದ.
"ನೇರಳೆ ವಾಸ್ನಿ" ಎಂದು ಮೂಗು ಒರೆಸಿಕೊಂಡ.

ಸಂಜೆ ಹದಡಿ ರಸ್ತೆಯ ತಿರುವಿನಲ್ಲಿ
ಬುಟ್ಟಿ ಇಟ್ಟುಕೊಂಡ ತಿಪ್ಪವ್ವ
ಉಪ್ಪು ಉದುರಿಸಿ ಎಲೆಯಲ್ಲಿ ಕೊಟ್ಟಳು.
ಗಂಟಲು ಹಿಡಿಯುವ ಒಗರು.
ಪುಸ್ತಕದಲ್ಲಿ ಇದಕ್ಕೆ ಮೊಳದುದ್ದ ಹೆಸರುಗಳು,
ಅವ್ವ ಹೇಳುತ್ತಿದ್ದದ್ದು ಬರೇ
"ಉಗುಳಬ್ಯಾಡ, ನುಂಗು."

ಮನೆಗೆ ಬಂದು ಕನ್ನಡಿಗೆ ನಾಲಿಗೆ ಚಾಚಿದೆ.
ಕಪಾಟಿನಲ್ಲಿ ಕಂಡದ್ದಕ್ಕಿಂತ ಗಾಢ.
ಚೀಲದಲ್ಲಿದ್ದ ಬಿಲ್ಲಿನ ಮೇಲೂ ಹೆಬ್ಬೆಟ್ಟಿನ ಕಲೆ.
ನಾಳೆ ಅಕೌಂಟ್ಸಿನ ಷಣ್ಮುಖಪ್ಪನಿಗೆ
ಇದು ನೇರಳೆ ಎಂದರೆ ನಂಬುತ್ತಾನೆಯೇ?